ಒಂದು ಮೂಲ, ಹಲವು ವೋಲ್ಟೇಜು

ವಿದ್ಯುತ್ತಿನ ಪಾಠದಲ್ಲಿ ಮರಾಠಿಯವರು ‘ಪರಿಪಥ’ ಎನ್ನುವುದನ್ನು ನಾವು ‘ಮಂಡಲ’ ಎನ್ನುತ್ತೇವೆ. ಆದರೆ ‘ವಿಭವಾಂತರ’ ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ. ವಿಭವ, ಅಂತರ ಎಂದು ಸಂಧಿ ಬಿಡಿಸಿದರೆ ಅರ್ಥವೂ ಸ್ಪಷ್ಟವಾಗುತ್ತದೆ. ನಾವು ರೂಢಿಯಲ್ಲಿ ವೋಲ್ಟೇಜು ಎನ್ನುವುದು ಒಂದೇ ಬಿಂದುವಿಗೆ ಸೇರಿದ ಗುಣವಲ್ಲ. ಅದು ಎರಡು ಬಿಂದುಗಳ ನಡುವಣ ವ್ಯತ್ಯಾಸ. ಒಂದೇ ವಿದ್ಯುತ್ ಮೂಲದಿಂದ ಬೇರೆ ಬೇರೆ ವೋಲ್ಟೇಜಿನ ಮಂಡಲಗಳನ್ನು ನಡೆಸುವ ವಿಧಾನವೆಲ್ಲ ಈ ಒಂದು ಪದದ ಅರ್ಥವನ್ನು ಆಶ್ರಯಿಸಿದೆ.

ಜನಪದ ಗೀತೆಗಳನ್ನು ಧ್ವನಿಮುದ್ರಿಸುವ ಒಂದು ಸಣ್ಣ ಯಂತ್ರವನ್ನು ಕಲ್ಪಿಸಿಕೊಳ್ಳೋಣ. ಮೈಕಿನ ಕ್ಷೀಣ ಸಂಕೇತವನ್ನು ವರ್ಧಿಸುವ ಆಪ್-ಆಂಪ್ ಚಿಪ್ಪಿಗೆ ಧನ 12 ಮತ್ತು ಋಣ 12 ವೋಲ್ಟ್ ಕೊಡಬೇಕಾಗಿದೆ. ಮೈಕ್ರೋಕಂಟ್ರೋಲರಿಗೆ 5 ವೋಲ್ಟ್ ಬೇಕು. ಮೆಮೊರಿ ಕಾರ್ಡಿಗೆ 3.3 ವೋಲ್ಟ್ ಸಾಕು. ಹಾಗೆಂದು ಮೂರು ಪ್ರತ್ಯೇಕ ಮೂಲಗಳು ಅಗತ್ಯವಿಲ್ಲ. ಒಂದು ದ್ವಿಮುಖ ಮೂಲವೇ ಸಾಕಾಗುತ್ತದೆ.

ದ್ವಿಮುಖ ಮೂಲಕ್ಕೆ ಮೂರು ತುದಿಗಳಿರುತ್ತವೆ: ಧನ 12, ಸೊನ್ನೆ, ಋಣ 12. ನಡುವಣ ಸೊನ್ನೆಯನ್ನೇ ಗ್ರೌಂಡ್ ಎನ್ನುತ್ತಾರೆ. ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಬೇರೆ, ಈ ಗ್ರೌಂಡ್ ಬೇರೆ. ಇದು ಎಲ್ಲ ಅಳತೆಗಳಿಗೂ ಆಧಾರವಾಗಿ ನಾವೇ ಆರಿಸಿಕೊಂಡ ಬಿಂದು. ಎರಡು ಹೊರತುದಿಗಳ ನಡುವಣ ಅಂತರವಾದರೋ 24 ವೋಲ್ಟ್. 24 ವೋಲ್ಟಿನ ಸಾಧನವೊಂದನ್ನು ಆ ಎರಡು ತುದಿಗಳಿಗೆ ಜೋಡಿಸಬಹುದು ನಿಜ; ಆದರೆ ಆಗ ಅದರ ಸೊನ್ನೆಯು ನಮ್ಮ ಋಣ 12 ಆಗುತ್ತದೆ. ಅದನ್ನು ಉಳಿದ ಮಂಡಲಗಳ ಸೊನ್ನೆಯೊಡನೆ ಸೇರಿಸಿದರೆ ಮೂಲದ ಅರ್ಧಭಾಗವೇ ಶಾರ್ಟ್ ಆಗುತ್ತದೆ. ಆದುದರಿಂದ ಮೊದಲ ನಿಯಮವಿದು: ವೋಲ್ಟೇಜುಗಳು ಎಷ್ಟಾದರೂ ಇರಲಿ, ಸಂಕೇತಗಳನ್ನು ನೇರವಾಗಿ ಹಂಚಿಕೊಳ್ಳುವ ಮಂಡಲಗಳಿಗೆಲ್ಲ ಸೊನ್ನೆ ಒಂದೇ ಆಗಿರಬೇಕು.

ಇನ್ನು 12 ವೋಲ್ಟನ್ನು 5ಕ್ಕೆ ಇಳಿಸುವ ಬಗೆ. ಎರಡು ರೋಧಕಗಳಿಂದ ಹಂಚಿದರಾಯಿತು ಎಂದು ಹಲವರು ಭಾವಿಸುತ್ತಾರೆ. 700 ಮತ್ತು 500 ಓಮಿನ ರೋಧಕಗಳನ್ನು ಸರಣಿಯಲ್ಲಿಟ್ಟರೆ ಕೆಳಗಿನದರ ಮೇಲೆ 5 ವೋಲ್ಟ್ ದೊರೆಯುತ್ತದೆ, ದಿಟ. ಆದರೆ ಅಲ್ಲಿ 500 ಓಮಿನ ಹೊರೆಯೊಂದನ್ನು ಜೋಡಿಸಿದೊಡನೆ ಕೆಳಗಿನ ರೋಧ 250 ಓಮಿಗೆ ಇಳಿದು, ವೋಲ್ಟೇಜು ಸುಮಾರು 3.2ಕ್ಕೆ ಕುಸಿಯುತ್ತದೆ. ಹೊರೆ ಬದಲಾದಂತೆಲ್ಲ ವೋಲ್ಟೇಜೂ ಬದಲಾಗುವ ಈ ಏರ್ಪಾಡು ವಿದ್ಯುತ್ ಪೂರೈಕೆಗೆ ತಕ್ಕುದಲ್ಲ.

ಆ ಕೆಲಸಕ್ಕೆ ವೋಲ್ಟೇಜ್ ರೆಗ್ಯುಲೇಟರ್ ಬೇಕು. 7805 ಎಂಬ ಮೂರು ಕಾಲಿನ ಚಿಪ್ಪು ಧನ 12 ಮತ್ತು ಸೊನ್ನೆಯ ನಡುವೆ ಕುಳಿತು, ಹೊರೆ ಏರಿಳಿದರೂ 5 ವೋಲ್ಟನ್ನು ಕಾಯ್ದುಕೊಳ್ಳುತ್ತದೆ. ಅದರ ಮುಂದೆ 1117 ಬಗೆಯ 3.3 ವೋಲ್ಟಿನ ರೆಗ್ಯುಲೇಟರನ್ನು ಇಟ್ಟರೆ ಮೆಮೊರಿ ಕಾರ್ಡಿನ ಅಗತ್ಯವೂ ಪೂರೈಸುತ್ತದೆ. ಎರಡಕ್ಕೂ ಒಳಬದಿಯಲ್ಲಿ, ಹೊರಬದಿಯಲ್ಲಿ ಕೆಪಾಸಿಟರುಗಳನ್ನು ಕಾಲಿಗೆ ಹತ್ತಿರವಾಗಿ ಜೋಡಿಸಬೇಕು. ಇಲ್ಲವಾದರೆ ವೋಲ್ಟೇಜು ಸ್ಥಿರವಾಗಿ ನಿಲ್ಲದಿರಬಹುದು.

ಉಳಿದ 7 ವೋಲ್ಟ್ ಎಲ್ಲಿಗೆ ಹೋಯಿತು? ಅದು ಶಾಖವಾಯಿತು. ಮೈಕ್ರೋಕಂಟ್ರೋಲರ್ ಭಾಗಕ್ಕೆ 200, ಕಾರ್ಡಿಗೆ 100 ಮಿಲಿಆಂಪಿಯರ್ ಎಂದುಕೊಂಡರೆ, 7805ರ ಮೂಲಕ ಒಟ್ಟು 300 ಹರಿಯುತ್ತದೆ. 7 ವೋಲ್ಟನ್ನು 0.3 ಆಂಪಿಯರಿನಿಂದ ಗುಣಿಸಿದರೆ 2.1 ವಾಟ್. ಹೀಟ್‌ಸಿಂಕ್ ಇಲ್ಲದ ಇಂಥ ಚಿಪ್ಪಿನ ಒಳಭಾಗವು ಪ್ರತಿ ವಾಟಿಗೆ ಸುಮಾರು 65 ಡಿಗ್ರಿಯಂತೆ ಬಿಸಿಯಾಗುತ್ತದೆ. ಅಂದರೆ ಇಲ್ಲಿ 136 ಡಿಗ್ರಿಯಷ್ಟು. ಸೊಲ್ಲಾಪುರದ ಬೇಸಿಗೆಯ 40 ಡಿಗ್ರಿಯನ್ನು ಅದಕ್ಕೆ ಕೂಡಿಸಿರಿ: 176. ಚಿಪ್ಪಿಗೆ ಹೇಳಿದ ಮಿತಿ 125 ಮಾತ್ರ. ಆ ಮಿತಿಯನ್ನು ಬಹಳವಾಗಿ ಮೀರಿದಾಗ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ಪೂರೈಕೆಯನ್ನೇ ತಡೆಯುತ್ತದೆ. ಹಾಡಿನ ನಡುವೆ ಮುದ್ರಣ ನಿಲ್ಲುತ್ತದೆ. ಆದಕಾರಣ ಹೀಟ್‌ಸಿಂಕ್ ಅವಶ್ಯ. ಪ್ರವಾಹ ಇನ್ನೂ ಹೆಚ್ಚು ಬೇಕಾದಲ್ಲಿ ಶಾಖವನ್ನು ಬಹುವಾಗಿ ಉಳಿಸುವ ಬಕ್ ಕನ್ವರ್ಟರ್ ಲೇಸು. ಆದರೆ ಅದು ಹುಟ್ಟಿಸುವ ಗದ್ದಲ ಮೈಕಿನ ಸಂಕೇತದಲ್ಲಿ ಬೆರೆಯದಂತೆ ನೋಡಿಕೊಳ್ಳಬೇಕು.

ಮೂಲದ ಒಳಗೂ ಒಂದು ಬಲೆಯಿದೆ. ಧನ ಬದಿಯ 7812 ಮತ್ತು ಋಣ ಬದಿಯ 7912 ನೋಡಲು ಅವಳಿಗಳು. ಆದರೆ 7812ರ ಕಾಲುಗಳ ಕ್ರಮ ಒಳಬರುವುದು, ಗ್ರೌಂಡ್, ಹೊರಹೋಗುವುದು ಎಂದಿದ್ದರೆ, 7912ರದು ಗ್ರೌಂಡ್, ಒಳಬರುವುದು, ಹೊರಹೋಗುವುದು ಎಂದಿರುತ್ತದೆ. ಬೆನ್ನಿನ ಲೋಹದ ತಗಡು ಮೊದಲನೆಯದರಲ್ಲಿ ಗ್ರೌಂಡಿಗೆ ಸೇರಿದೆ, ಎರಡನೆಯದರಲ್ಲಿ ಒಳಬರುವ ಋಣ ವೋಲ್ಟೇಜಿಗೆ. ಎರಡನ್ನೂ ಅಭ್ರಕದ ಹಾಳೆಯಂಥ ನಿರೋಧಕವಿಲ್ಲದೆ ಒಂದೇ ಹೀಟ್‌ಸಿಂಕಿಗೆ ಬಿಗಿದರೆ ಶಾರ್ಟ್ ತಪ್ಪದು.

ವೋಲ್ಟೇಜು ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆಪ್-ಆಂಪಿನಿಂದ ಹೊರಡುವ ಸಂಕೇತವು ಸೊನ್ನೆಯ ಮೇಲಕ್ಕೂ ಕೆಳಕ್ಕೂ ಸುಮಾರು 10 ವೋಲ್ಟಿನವರೆಗೆ ತೂಗಬಲ್ಲದು. 5 ವೋಲ್ಟಿನ ಮೈಕ್ರೋಕಂಟ್ರೋಲರ್ ತಾಳುವುದು ಸೊನ್ನೆಯಿಂದ 5ರವರೆಗೆ. ಆ ಸಂಕೇತವನ್ನು ಕುಗ್ಗಿಸಿ, 2.5 ವೋಲ್ಟಿನ ನಡುಮಟ್ಟಕ್ಕೆ ಎತ್ತಿ, ಒಂದು ರೋಧಕ ಹಾಗೂ ಎರಡು ಡಯೋಡುಗಳ ಕಾವಲಿಟ್ಟು ಒಳಗೆ ಬಿಡಬೇಕು. 5 ವೋಲ್ಟಿನ ಮೈಕ್ರೋಕಂಟ್ರೋಲರಿನಿಂದ 3.3 ವೋಲ್ಟಿನ ಕಾರ್ಡಿಗೆ ಹೋಗುವ ತಂತಿಗಳಿಗೂ ಇಂಥದೇ ಇಳಿಕೆ ಬೇಕು.

ಸೊನ್ನೆ ಒಂದೇ ಆದರೂ ಅದರತ್ತ ಹೋಗುವ ತಂತಿಗಳು ಬೇರೆ ಬೇರೆಯಾಗಿರಲಿ. ತಂತಿಗೂ ಅಲ್ಪ ರೋಧವುಂಟು. ಮೈಕ್ರೋಕಂಟ್ರೋಲರಿನ ಪ್ರವಾಹ ಮೈಕಿನ ಗ್ರೌಂಡ್ ತಂತಿಯಲ್ಲಿಯೇ ಹರಿದರೆ, ಆ ತಂತಿಯ ಎರಡು ತುದಿಗಳ ನಡುವೆಯೇ ಒಂದು ಸಣ್ಣ ವಿಭವಾಂತರ ಹುಟ್ಟಿ ಹಾಡಿನೊಳಗೆ ಗುಂಯ್‌ಗುಡುತ್ತದೆ. ಎರಡೂ ತಂತಿಗಳು ಮೂಲದ ಬಳಿ ಒಂದೇ ಬಿಂದುವಿನಲ್ಲಿ ಕೂಡಲಿ.

ಕೊನೆಗೆ ಒಂದು ಶಿಸ್ತು. ಚಿಪ್ಪುಗಳನ್ನು ಸಾಕೆಟ್ಟಿನಲ್ಲಿ ಕೂರಿಸುವ ಮೊದಲೇ ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗಿಟ್ಟು, ಕೆಂಪು ತಂತಿಯಿಂದ ಪ್ರತಿಯೊಂದು ವೋಲ್ಟೇಜನ್ನೂ ಅಳೆದು ಬರೆದುಕೊಳ್ಳಿರಿ. ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಬದಿಯನ್ನು ಮಾತ್ರ ಬಲ್ಲವರ ಸಮಕ್ಷಮದಲ್ಲಿಯೇ ಮುಟ್ಟತಕ್ಕದ್ದು. ಯಾರಾದರೂ ‘ಇಲ್ಲಿ 5 ವೋಲ್ಟ್ ಇದೆ’ ಎಂದರೆ, ‘ಯಾವುದರಿಂದ ಅಳೆದು?’ ಎಂದು ಕೇಳಿರಿ. ವಿಭವಾಂತರ ಎಂಬ ಪದವನ್ನು ಬಲ್ಲವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ.