ಮಲೆನಾಡಿಗೂ ಬರವೇ? ಹೌದು ಸ್ವಾಮಿ!

ಚಿಕ್ಕಮಗಳೂರು ಜಿಲ್ಲೆಯಲ್ಲಿ ಬರ ಅಂದರೆ ಕಡೂರಿನ ಕಥೆ ಎಂದು ಕೈತೊಳೆದುಕೊಳ್ಳುವವರೇ ಹೆಚ್ಚು. "ಮೂಡಿಗೆರೆಗೆ ಬರವೇ? ಏನ್ರೀ ತಮಾಷೆ!" ಎಂದು ನಗುವವರೂ ಉಂಟು. ಆದರೆ 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿದ ಮೇಲೆ ಈ ನಗು ಅಡಗಬೇಕು.

ಗುಡ್ಡದ ಮರೆ

ಮುಂಗಾರು ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಪಡುವಣ ಮಗ್ಗುಲಿಗೇ ಸುರಿದುಬಿಡುತ್ತದೆ. ಬಾಬಾಬುಡನ್‌ಗಿರಿ ಸಾಲು ದಾಟುವ ಹೊತ್ತಿಗೆ ಅದರದು ಬರಿಗೈ. ಹಾಗಾಗಿ ಮೂಡಿಗೆರೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ, ಅದೇ ಜಿಲ್ಲೆಯ ಕಡೂರಿನಲ್ಲಿ 600 ಚಿಲ್ಲರೆ. ಕಡೂರಿನ ಬರ ಕಣ್ಣಿಗೆ ಕಾಣುತ್ತದೆ: ಬಿರಿದ ಕೆರೆ, ಒಣಗಿದ ರಾಗಿ, ಸುಳಿ ಬಾಗಿದ ತೆಂಗು. ಮಲೆನಾಡಿನದು ಹಸಿರಿನೊಳಗೆ ಅಡಗಿದ ಬರ.

ಕಾಫಿ ಗಿಡ ವರ್ಷದ ಲೆಕ್ಕ ಕೇಳುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದಿಂಚು ಹೂಮಳೆ ಬೇಕು. ಎರಡು ಮೂರು ವಾರ ಬಿಟ್ಟು ಕಾಯಿ ಕಚ್ಚಲು ಮತ್ತೊಂದು ಮಳೆ ಬೇಕು. ತೋಟದವರು ಇಂಚು, ಸೆಂಟ್ಸ್ ಎಂದು ಬರೆದಿಡುವುದು ಇದಕ್ಕೇ. ಇದು ತಪ್ಪಿದರೆ ಆಗಸ್ಟ್‌ನಲ್ಲಿ ಆಕಾಶವೇ ಹರಿದರೂ ಹೋದ ಫಸಲು ಬಾರದು. ಪಂಪು, ಸ್ಪ್ರಿಂಕ್ಲರ್ ಇದ್ದವರು ಹಳ್ಳದ ನೀರೆತ್ತಿ ಹೂ ಬಿಡಿಸುತ್ತಾರೆ. ಹಳ್ಳದ ಕೆಳಗಿನವನು, ಎರಡೆಕರೆ ಬಡಪಾಯಿ, ಯಾರನ್ನು ಕೇಳಬೇಕು?

ಅಳೆಯುವ ಪರಿ

ಬರ ಸಾರುವ ಕೇಂದ್ರದ ಕೈಪಿಡಿ 2016ರದು. ಮಳೆಯ ಕೊರತೆ, ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಇವೆಲ್ಲ ಅದರ ಅಳತೆಗೋಲು. ರಾಗಿಗೆ ಇದು ಸರಿ. ಕಾಫಿಯನ್ನು ವರ್ಷಾವರ್ಷ ಬಿತ್ತುವರೇ? ಹೂ ಕರಟಿದರೂ ಮೇಲಿನ ನೆರಳುಮರ ಹಸಿರಾಗಿಯೇ ಕಂಡೀತು! ಮಳೆ ವಾಡಿಕೆಗಿಂತ ಶೇ. 19ರಷ್ಟು ಕಡಿಮೆಯಾದರೂ ಕಾಗದದಲ್ಲಿ ಅದು 'ಸಾಮಾನ್ಯ'ವೇ. ವಾರವೊಂದರ ಜಡಿಮಳೆ ಇಡೀ ಬೇಸಿಗೆಯ ಕೊರತೆಯನ್ನು ಸರಾಸರಿಯಲ್ಲಿ ಮುಚ್ಚಿಹಾಕುತ್ತದೆ. ಇಳಿಜಾರಿನ ಆ ನೀರು ಹೊಳೆ ಸೇರಿ ಹೋಗಿಯೇಬಿಡುತ್ತದೆ, ಮಾರ್ಚ್‌ಗೆ ಉಳಿಯುವುದಿಲ್ಲ.

ಸಾಧನಗಳಿಗೆ ಬರವಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತಿದೆ. ಆ ಅಂಕಿಗಳಿಂದ ಹೂಮಳೆಯ ಲೆಕ್ಕವನ್ನು ಬೇರೆಯೇ ತೆಗೆದು, ಹಳ್ಳದ ಮಟ್ಟದೊಡನೆ ತಾಳೆ ನೋಡಿದರೆ ಯಾವ ಊರಿಗೆ ಅಪಾಯವೆಂದು ಏಪ್ರಿಲ್‌ನಲ್ಲೇ ತಿಳಿಯುತ್ತದೆ. ಪರಿಹಾರದ ಪಟ್ಟಿಗೆ ಅಕ್ಟೋಬರ್‌ವರೆಗೆ ಕಾಯಬೇಕಿಲ್ಲ.

ಜೀಪಿನಿಂದ ಕಂಡ ಹಸಿರಿಗೆ ಮರುಳಾಗದೆ, ಸಂಬಂಧಪಟ್ಟವರು ಒಮ್ಮೆ ಗಿಡದ ರೆಂಬೆ ಎತ್ತಿ ಕಾಯಿ ಎಣಿಸುವರೇ?