ಹೊಟ್ಟೆ ತುಂಬಿದ್ದು ತಿಳಿಯದ ಇಲಿ

ಅಮೆರಿಕದ ಮೇನ್ ರಾಜ್ಯದಲ್ಲಿರುವ ಜಾಕ್ಸನ್ ಪ್ರಯೋಗಾಲಯದ ಇಲಿಗೂಡಿನಲ್ಲಿ 1949ರಲ್ಲಿ ವಿಚಿತ್ರ ಮರಿಗಳು ಕಣ್ಣಿಗೆ ಬಿದ್ದವು. ಬೆಳೆಯುತ್ತ ಅವುಗಳ ತೂಕ ಉಳಿದ ಇಲಿಗಳ ಮೂರು ಪಟ್ಟಾಯಿತು. ಎಷ್ಟು ತಿಂದರೂ ಹಸಿವು ಇಂಗುತ್ತಿರಲಿಲ್ಲ. ಆ ತಳಿಗೆ ‘ಒಬಿ’ ಎಂದು ಹೆಸರಿಟ್ಟರು. ಮುಂದೆ ಅಲ್ಲೇ ‘ಡಿಬಿ’ ಎಂಬ ಇನ್ನೊಂದು ತಳಿ ಸಿಕ್ಕಿತು. ಅದೂ ಅಷ್ಟೇ ದಪ್ಪ, ಅದಕ್ಕೂ ಅಷ್ಟೇ ಹಸಿವು.

ಎರಡರ ರೋಗವೂ ಒಂದೇನಾ? ಅದನ್ನು ತಿಳಿಯಲು ವಿಜ್ಞಾನಿ ಡಗ್ಲಾಸ್ ಕೋಲ್ಮನ್ ಕಠೋರವಾದೊಂದು ಪ್ರಯೋಗ ಮಾಡಿದರು. ಎರಡು ಇಲಿಗಳ ಪಕ್ಕೆಗಳನ್ನು ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿ ಜೊತೆ ಸೇರಿಸಿದ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಸತ್ತುಹೋಯಿತು. ಡಿಬಿ ಮಾತ್ರ ತಿನ್ನುತ್ತಲೇ ಇತ್ತು. ಡಿಬಿ ಜೊತೆ ಸೇರಿಸಿದ ಒಬಿಯೂ ಉಪವಾಸ ಬಿದ್ದು ಸತ್ತಿತು. ಆದರೆ ಸಾಮಾನ್ಯ ಇಲಿಯ ಜೊತೆಗಿದ್ದ ಒಬಿ ಮೊದಲಿಗಿಂತ ಕಡಿಮೆ ತಿಂದಿತು, ಅದರ ತೂಕ ಏರುವುದೂ ತಗ್ಗಿತು. ಅಂದರೆ ‘ಸಾಕು’ ಎಂದು ಹೇಳುವ ಯಾವುದೋ ವಸ್ತು ರಕ್ತದಲ್ಲಿದೆ. ಒಬಿಯ ಮೈಯಲ್ಲಿ ಅದು ತಯಾರಾಗುವುದಿಲ್ಲ. ಡಿಬಿಯ ರಕ್ತದಲ್ಲಿ ಅದು ಧಾರಾಳವಾಗಿದೆ, ಮಿದುಳಿಗೆ ಮಾತ್ರ ಕೇಳಿಸುವುದಿಲ್ಲ. ಕಣ್ಣಿಗೆ ಕಾಣದ ರಾಸಾಯನಿಕವನ್ನು ಬರೀ ತರ್ಕದಿಂದ ಹಿಡಿದ ಈ ಕೆಲಸವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

1994ರಲ್ಲಿ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ತಂಡ ಆ ವಸ್ತುವಿನ ಜೀನನ್ನು ಪತ್ತೆಹಚ್ಚಿತು. ವಸ್ತುವಿನ ಹೆಸರು ಲೆಪ್ಟಿನ್. ಅದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ರಕ್ತದ ಮೂಲಕ ಮಿದುಳಿನ ಹೈಪೊಥಲಾಮಸ್ ತಲುಪಿ, ಹಸಿವು ಕೆರಳಿಸುವ ನರಕೋಶಗಳನ್ನು ಅದು ಸುಮ್ಮನಾಗಿಸುತ್ತದೆ, ಹಸಿವು ತಣಿಸುವವನ್ನು ಎಬ್ಬಿಸುತ್ತದೆ.

ಇಲಿಯ ಕಥೆ ಮನುಷ್ಯರಿಗೂ ಅನ್ವಯಿಸುತ್ತದೆಂದು ತೋರಿಸಿದ್ದು ಕೇಂಬ್ರಿಜ್‌ನ ವೈದ್ಯರು. 1997ರಲ್ಲಿ ಅವರು ವರದಿ ಮಾಡಿದ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ 8 ವರ್ಷ, ತೂಕ 86 ಕಿಲೋ. ಇನ್ನೊಂದು ಎರಡು ವರ್ಷದ ಕೂಸು, 29 ಕಿಲೋ. ಇಬ್ಬರ ಮೈಯಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದಿನಾ ಲೆಪ್ಟಿನ್ ಚುಚ್ಚುಮದ್ದು ಕೊಡತೊಡಗಿದ ಮೇಲೆ ಆ ಹುಡುಗಿಯ ಹಸಿವು ಹತೋಟಿಗೆ ಬಂತು. ವರ್ಷದಲ್ಲಿ ಸುಮಾರು 16 ಕಿಲೋ ಇಳಿಯಿತು.

ಆದರೆ ದಪ್ಪಗಿರುವ ಬಹುತೇಕರಲ್ಲಿ ಲೆಪ್ಟಿನ್ ಕೊರತೆಯಿಲ್ಲ, ಹೆಚ್ಚೇ ಇದೆ. ಅವರ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಬೇರೆ ದಾರಿ ಹುಡುಕಬೇಕಾಯಿತು. ಗಾಂಜಾ ಸೇದಿದವರಿಗೆ ಹಸಿವು ಕೆರಳುತ್ತದಲ್ಲ, ಅದಕ್ಕೆ ಕಾರಣವಾದ ಮಿದುಳಿನ ಗ್ರಾಹಕವನ್ನೇ (ರಿಸೆಪ್ಟರ್) ತಡೆಯುವ ರಿಮೊನಬಾಂಟ್ ಮಾತ್ರೆಗೆ 2006ರಲ್ಲಿ ಯುರೋಪ್ ಅನುಮತಿ ಕೊಟ್ಟಿತು. ತೂಕವೇನೋ ಇಳಿಯಿತು. ಆದರೆ ಆ ಗ್ರಾಹಕಕ್ಕೆ ಮನಸ್ಸಿನ ನೆಮ್ಮದಿಯಲ್ಲೂ ಪಾಲಿದೆ. ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಾಣಿಸಿಕೊಂಡು 2008ರಲ್ಲಿ ಮಾತ್ರೆ ಮಾರುಕಟ್ಟೆಯಿಂದ ಹೊರಬಿತ್ತು. ತೂಕ ಇಳಿಸುವ ಈಗಿನ ಔಷಧ ಸೆಮಾಗ್ಲುಟೈಡ್ ಕರುಳಿನ ಹಾರ್ಮೋನೊಂದನ್ನು ಅನುಕರಿಸುತ್ತದೆ. ಅದೂ ಹಸಿವು ತಗ್ಗಿಸುವುದು ಮುಖ್ಯವಾಗಿ ಮಿದುಳಿನ ಮೂಲಕವೇ.

ಹಸುಗೂಸಾಗಿದ್ದಾಗಿನಿಂದಲೂ ಎಷ್ಟು ಉಣಿಸಿದರೂ ತಣಿಯದೆ, ತೂಕ ಏರುತ್ತಲೇ ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ‘ಹೊಟ್ಟೆಬಾಕ’ ಎಂದು ಬೈಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಲೆಪ್ಟಿನ್ ಕೊರತೆ ತೀರಾ ಅಪರೂಪ, ಆದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅದಕ್ಕೆ ಚಿಕಿತ್ಸೆಯೂ ಇದೆ.