ಹುಲ್ಲುಹಾಸಿನ ಕೆಳಗೊಂದು ಸರ್ವೆ ನಂಬರ್

ಬಿಡದಿ ಅಂದ ಕೂಡಲೇ ಬೆಂಗಳೂರಿನವರಿಗೆ ತಟ್ಟೆ ಇಡ್ಲಿ ನೆನಪಾಗುತ್ತೆ. ಟಿವಿ ಸುದ್ದಿ ನೋಡುವವರಿಗೆ ನೆನಪಾಗೋದು ರೆಸಾರ್ಟ್. 2017ರ ಜುಲೈ ಕೊನೆಯಲ್ಲಿ ರಾಜ್ಯಸಭೆ ಚುನಾವಣೆಗೆ ಮುಂಚೆ ಗುಜರಾತಿನ ಕಾಂಗ್ರೆಸ್ ಶಾಸಕರು ಬಂದು ಉಳಿದುಕೊಂಡದ್ದು ಇಲ್ಲೇ. 2018ರ ಮೇ ತಿಂಗಳಲ್ಲಿ, ಮತ್ತೆ 2019ರ ಜನವರಿಯಲ್ಲಿ ನಮ್ಮ ರಾಜ್ಯದ ಶಾಸಕರೂ ಬಸ್ಸಿನಲ್ಲಿ ಬಂದಿಳಿದದ್ದು ಇಲ್ಲೇ. ಆ ಸುದ್ದಿಗಳಲ್ಲೆಲ್ಲ ಗೇಟು ಕಾಣುತ್ತಿತ್ತು. ಒಳಗೇನಿದೆ ಅಂತ ಯಾರೂ ಹೆಚ್ಚು ಹೇಳಲಿಲ್ಲ.

ಒಳಗಿರೋದು ಬರೀ ಹೋಟೆಲ್ ಅಲ್ಲ. ಶ್ಯಾನಮಂಗಲ ಕ್ರಾಸಿನ ಬಳಿಯ ಈಗಲ್‌ಟನ್ ತನ್ನನ್ನು ಕರೆದುಕೊಳ್ಳೋದೇ ‘ಗಾಲ್ಫ್ ವಿಲೇಜ್’ ಅಂತ. ಹದಿನೆಂಟು ಕುಳಿಗಳ ಮೈದಾನ, ಕ್ಲಬ್ಬು, ಸುತ್ತ ಮನೆಗಳು, ನಿವೇಶನಗಳು. ಸುತ್ತಲೂ ನಿಜವಾದ ಹಳ್ಳಿಗಳಿದ್ದರೂ ‘ವಿಲೇಜ್’ ಅನ್ನೋ ಬೋರ್ಡು ಸಿಕ್ಕಿದ್ದು ಕಾಂಪೌಂಡ್ ಇರೋದಕ್ಕೆ! ನಾನು ಮಾಗಡಿ ಕಡೆಯವಳು, ಕೆಲಸ ಬೆಂಗಳೂರಿನಲ್ಲಿ. ಗಾಲ್ಫ್ ಕೋಲು ಕೈಯಲ್ಲಿ ಹಿಡಿದವಳಲ್ಲ. ಆದರೆ ಈಚೆಗೆ ಆಫೀಸಿನ ಗೆಳತಿಯೊಬ್ಬಳು ಈ ಕಡೆಯ ಇನ್ನೊಂದು ಬಡಾವಣೆಯಲ್ಲಿ ಸೈಟು ನೋಡ್ತಿದ್ದೀನಿ ಅಂದಾಗ, ಈ ‘ಹಸಿರು ಬದುಕು’ ಬೆಳೆದ ದಾರಿಯನ್ನು ಸ್ವಲ್ಪ ಕೆದಕಿ ನೋಡಬೇಕು ಅನ್ನಿಸಿತು.

ಈಗಲ್‌ಟನ್ ತಲೆಯೆತ್ತಿದ್ದು ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ. ಆಗ ಬಿಡದಿ ಅಂದರೆ ಮೈಸೂರು ಬಸ್ಸು ತಿಂಡಿಗೆ ನಿಲ್ಲುವ ಜಾಗ. 1999ರಲ್ಲಿ ಟೊಯೊಟಾ ಕಾರ್ಖಾನೆ ಕೆಲಸ ಶುರು ಮಾಡಿತು. 2005ರಲ್ಲಿ ವಂಡರ್‌ಲಾ ಬಂತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಬೇರೆಯೇ ಜಿಲ್ಲೆಯಾಯಿತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಒಂದೊಂದಕ್ಕೂ ಎಕರೆಯ ಬೆಲೆ ಒಂದೊಂದು ಮೆಟ್ಟಿಲು ಹತ್ತಿತು.

ಗಾಲ್ಫ್ ಬಡಾವಣೆಯ ಲೆಕ್ಕ ಸರಳ. ಹುಲ್ಲು ಸಾಕೋದು ಬಲು ದುಬಾರಿ. ದಿನಾ ನೀರು, ಕಳೆ ಕೀಳೋ ಕೈ, ಕತ್ತರಿಸೋ ಯಂತ್ರ ಎಲ್ಲ ಬೇಕು. ಆ ಖರ್ಚು ಆಟದಿಂದ ಹುಟ್ಟೋದು ಕಷ್ಟ. ಹಸಿರು ಕಾಣುವ ಕಿಟಕಿಗೆ ಜನ ಕೊಡುವ ಹೆಚ್ಚಿನ ಬೆಲೆಯೇ ಆಧಾರ. ಅಂದರೆ ಹುಲ್ಲು ಅಲ್ಲಿ ಜಾಹೀರಾತು. ಮಾರಾಟಕ್ಕಿರೋದು ಮನೆ.

ಕಷ್ಟ ಇರೋದು ಜಾಗ ಕೂಡಿಸೋದರಲ್ಲಿ. ಹದಿನೆಂಟು ಕುಳಿಗಳ ಮೈದಾನಕ್ಕೇ ನೂರಕ್ಕೂ ಹೆಚ್ಚು ಎಕರೆ ಬೇಕು. ಮನೆಗಳಿಗೆ ಇನ್ನಷ್ಟು. ನಮ್ಮ ಕಡೆ ಹಿಡುವಳಿಗಳು ಚಿಕ್ಕವು. ಒಬ್ಬರದು ಎರಡು ಎಕರೆ, ಪಕ್ಕದವರದು ಮೂವತ್ತು ಗುಂಟೆ. ಇವನ್ನೆಲ್ಲ ಕೊಂಡು ಹೊಲಿದರೂ ನಡುನಡುವೆ ಯಾರ ಹೆಸರಲ್ಲೂ ಇಲ್ಲದ ತುಂಡುಗಳು ಉಳಿಯುತ್ತವೆ. ಗಾಡಿ ದಾರಿ, ಹಳ್ಳ, ಗುಂಡುತೋಪು, ಸ್ಮಶಾನ, ದನ ಮೇಯುವ ಗೋಮಾಳ. ಊರಿನ ನೂರು ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕು ಅಂತ ಭೂಕಂದಾಯ ನಿಯಮ. ಪಹಣಿಯಲ್ಲಿ ‘ಬಿ ಖರಾಬು’ ಅಂತ ಬರೆದಿದ್ದರೆ ಅದು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ‘ಎ ಖರಾಬು’ ಹಾಗಲ್ಲ, ಸಾಗುವಳಿಗೆ ಬಾರದಿದ್ದರೂ ಜಮೀನಿನವರಿಗೇ ಸೇರಿದ್ದು. ಸುತ್ತ ಕಾಂಪೌಂಡ್ ಎದ್ದ ಮೇಲೆ ಆ ತುಂಡುಗಳಿಗೆ ದನವೂ ಹೋಗಲ್ಲ, ಜನವೂ ಹೋಗಲ್ಲ. ಎಲ್ಲ ಒಂದೇ ಹಸಿರು. ನಕ್ಷೆ ಇಟ್ಟುಕೊಂಡು ನಿಂತರೆ ಮಾತ್ರ ಗೊತ್ತಾಗುತ್ತೆ.

ಈಗಲ್‌ಟನ್ ಕಥೆಯಲ್ಲೂ ಸರ್ಕಾರಿ ಜಮೀನಿನ ಪ್ರಶ್ನೆ ಎದ್ದಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಳಗೆ ಸೇರಿದ್ದ 77 ಎಕರೆಗೂ ಹೆಚ್ಚು ಸರ್ಕಾರಿ ಜಾಗಕ್ಕೆ ರಾಜ್ಯ ಸರ್ಕಾರ ಕಟ್ಟಿದ ಬೆಲೆ ಸುಮಾರು 982 ಕೋಟಿ ರೂಪಾಯಿ. ಅಷ್ಟು ವಸೂಲಿ ಮಾಡುವ ಮಾತು ಸುದ್ದಿಯಾದದ್ದು 2017ರಲ್ಲಿ, ಗುಜರಾತಿನ ಶಾಸಕರು ಅಲ್ಲಿ ತಂಗಿದ್ದ ದಿನಗಳ ಆಸುಪಾಸಿನಲ್ಲೇ. ಭಾಗಿಸಿ ನೋಡಿ, ಎಕರೆಗೆ ಹನ್ನೆರಡು ಕೋಟಿ ದಾಟುತ್ತೆ. ಇದರಲ್ಲಿ ಯಾರು ಸರಿ, ಎಷ್ಟು ಸರಿ ಅಂತ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಅಂಕಿ. ಯಾರೂ ಬೇಲಿ ಹಾಕದ ನೆಲ, ಗೇಟಿನ ಒಳಗೆ ಸೇರಿದ ಮೇಲೆ ಇಷ್ಟು ಬೆಲೆಬಾಳೋದು!

ಗೇಟಿನ ಹೊರಗಿನ ಕಥೆ ಬೇರೆ. ನನ್ನ ಸೋದರಮಾವನ ಹೊಲ ಇರೋದು ಬೈರಮಂಗಲದ ಕಡೆ. 2006ರ ಸುಮಾರಿಗೆ ಕುಮಾರಸ್ವಾಮಿ ಅವರ ಸರ್ಕಾರ ಬೆಂಗಳೂರಿನ ಸುತ್ತ ಐದು ಟೌನ್‌ಶಿಪ್ ಅಂದಿತು: ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ. ಬಿಡದಿಗೆ ಡಿಎಲ್‌ಎಫ್ ಬಂತು, ಆಮೇಲೆ ಹಿಂದೆ ಸರಿಯಿತು. ಈಗ 2025ರಲ್ಲಿ ಮತ್ತೆ ಜೀವ ಬಂದಿದೆ. ಏಳು ಸಾವಿರಕ್ಕೂ ಹೆಚ್ಚು ಎಕರೆಯ ಉಪನಗರವಂತೆ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಧರಣಿ ಕೂತರು. ಕೊಟ್ಟುಬಿಡೋಣ ಅನ್ನುವವರೂ ಅದೇ ಊರುಗಳಲ್ಲಿದ್ದಾರೆ, ಅದನ್ನೂ ಹೇಳಬೇಕು. ವೃಷಭಾವತಿಯ ನೊರೆ ನೀರು ಬಂದು ಸೇರುವ ಕೆರೆ ಅವರದು. ಬೇಸಾಯ ಸಾಕು ಅನ್ನಿಸಿದರೆ ತಪ್ಪು ಹಿಡಿಯೋಕಾಗಲ್ಲ.

“ಅವತ್ತು ಮದ್ವೆ ಆದೋನ ಮಗ ಈಗ ಪಿಯುಸಿ ಓದ್ತಾವ್ನೆ, ಟೌನ್‌ಶಿಪ್ ಮಾತ್ರ ಇನ್ನೂ ಬತ್ತಾನೇ ಅದೆ ಕಣವ್ವ,” ಅಂತಾರೆ ಮಾವ. ಅವರಿಗೆ ಹಿಪ್ಪುನೇರಳೆ ತೋಟ, ಎರಡು ಸೀಮೆಹಸು. ಹೊಸ ಬೋರ್‌ವೆಲ್ ಕೊರೆಸೋದೋ ಬೇಡವೋ ಅನ್ನೋದು ಈಗ ಮನೆಯ ದೊಡ್ಡ ಪ್ರಶ್ನೆ. ಕೊರೆಸಿದ ಮೇಲೆ ಜಮೀನು ಹೋದರೆ? ಕೊರೆಸದೇ ಕೂತು ಇನ್ನೂ ಹತ್ತು ವರ್ಷ ಏನೂ ಆಗದಿದ್ದರೆ?

ಗೆಳತಿಯ ವಿಷಯಕ್ಕೆ ಬರ್ತೀನಿ. ಅವಳ ಕೈಗೆ ಸಿಕ್ಕಿದ್ದು ಹೊಳೆಯುವ ಬ್ರೋಷರ್. ಅದರಲ್ಲಿ ಹುಲ್ಲಿತ್ತು, ಕೆರೆಯಿತ್ತು, ಸರ್ವೆ ನಂಬರ್ ಇರಲಿಲ್ಲ. ನಾನು ಹೇಳಿದ್ದಿಷ್ಟು. ಮೊದಲು ರೇರಾ ನೋಂದಣಿ ಸಂಖ್ಯೆ ಕೇಳು. ಆಮೇಲೆ ಜಾಗಕ್ಕೆ ಹೋಗಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗಿ. ಕಂದಾಯ ಇಲಾಖೆಯದೇ, ದುಡ್ಡು ಕೊಡಬೇಕಿಲ್ಲ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಆ ನಂಬರಿನ ಪಹಣಿ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ ತೆಗೆಸು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾ ಅಂತ ವಕೀಲರ ಹತ್ತಿರ ಕೇಳಿಸು, ಯಾಕಂದ್ರೆ ಅಂಥದ್ದನ್ನು ಅನುಮತಿಯಿಲ್ಲದೆ ಮಾರಿದ್ದರೆ 1978ರ ಕಾಯ್ದೆ ಪ್ರಕಾರ ಆ ಮಾರಾಟವೇ ನಿಲ್ಲಲ್ಲ.

ಹೋದ ಭಾನುವಾರ ಗಂಡ ಹೆಂಡತಿ ಹೋಗಿ ನಿಂತರು. ಅವರ ಸೈಟು ಖಾಸಗಿ ನಂಬರಿನಲ್ಲೇ ಇದೆ. ಮಕ್ಕಳ ಪಾರ್ಕ್ ಅಂತ ತೋರಿಸಿದ ತುಂಡು ಮಾತ್ರ ಬೇರೆ ನಂಬರ್, ಪಹಣಿ ತೆಗೆದರೆ ‘ಸರ್ಕಾರಿ ಗೋಮಾಳ’. ಏಜೆಂಟ್ ನಕ್ಕು “ಅದೆಲ್ಲಾ ಕ್ಲಿಯರ್ ಆಗುತ್ತೆ ಮೇಡಂ” ಅಂದನಂತೆ. ಅವಳು ಹದ್ದುಬಸ್ತು ಸರ್ವೆ ಆಗಲಿ, ಆಮೇಲೆ ಅಡ್ವಾನ್ಸ್ ಅಂದಿದ್ದಾಳೆ. ಅವತ್ತಿನಿಂದ ದಿನಕ್ಕೆ ಎರಡು ಸಲ ಫೋನ್ ಬರ್ತಿದೆ, ಬೇರೆ ಪಾರ್ಟಿ ರೆಡಿ ಇದೆ ಅಂತ.